ಬಲಸೊಂಟದ ಭಾರ

ಆ ದಿನ ನನಗೂ ಪಿಸ್ತೂಲಿಗೂ ನಡುವೆ ಇದ್ದದ್ದು ಆರು ಹೆಜ್ಜೆ. ಅಟ್ಲಾಂಟಾ ಪಕ್ಕದ ಡುಲುತ್‌ನ ನಮ್ಮ ಔಷಧದ ಅಂಗಡಿಯಲ್ಲಿ ಲೇಬಲ್ ಪ್ರಿಂಟರಿನ ಕೆಳಗೊಂದು ಡ್ರಾಯರ್ ಇದೆ. ರಬ್ಬರ್ ಬ್ಯಾಂಡು, ಹಳೆಯ ಕ್ಯಾಲೆಂಡರು, ಯಾವ ಬೀಗಕ್ಕೂ ಸೇರದ ಕೀಲಿಗಳು, ಇವುಗಳ ಜೊತೆ ಅದೂ ಬಹಳ ವರ್ಷಗಳಿಂದ ಅಲ್ಲಿ ಬಿದ್ದುಕೊಂಡಿತ್ತು. ಇಟ್ಟವರು ನನ್ನ ಪಾಲುದಾರರು. ಮಂಡ್ಯದ ಕಡೆಯವರು, ಈ ಅಂಗಡಿಯನ್ನು ಶುರು ಮಾಡಿದವರು, ನಾನು ಅಂಕಲ್ ಎಂದೇ ಕರೆಯುವುದು.

2021ರ ಜುಲೈ, ಸಂಜೆ ಐದೂವರೆ. ಬಹಳಷ್ಟು ಜನ ಇನ್ನೂ ಮಾಸ್ಕ್ ಹಾಕಿಕೊಂಡೇ ಒಳಗೆ ಬರುತ್ತಿದ್ದ ಕಾಲ. ಹಾಗಾಗಿ ಮುಖ ಮುಚ್ಚಿಕೊಂಡು ಬಂದವನನ್ನು ನೋಡಿ ನಾನು ನಗುತ್ತಲೇ ಹೆಸರು ಕೇಳಿದೆ. ಅವನು ಕೌಂಟರಿನ ಮೇಲೆ ಬಂದೂಕಿನ ತುದಿಯನ್ನು ಇಟ್ಟು, ಕೊಡೀನ್ ಇರುವ, ಅಮಲೇರಿಸುವ ಕೆಮ್ಮಿನ ಸಿರಪ್ ಎಲ್ಲವನ್ನೂ ಚೀಲಕ್ಕೆ ಹಾಕು ಎಂದ. ಕಪಾಟಿನ ಕೀಲಿ ಎರಡು ಸಲ ಕೆಳಗೆ ಬಿತ್ತು. ಅವನಿಗೆ ತಾಳ್ಮೆ ಕೆಟ್ಟು ಕೌಂಟರಿನ ಈಚೆಗೇ ಬಂದ, ಡ್ರಾಯರುಗಳನ್ನು ಒಂದೊಂದಾಗಿ ಎಳೆಯತೊಡಗಿದ. ಪ್ರಿಂಟರಿನ ಕೆಳಗಿನ ಡ್ರಾಯರಿನ ಹಿಡಿಯ ಮೇಲೂ ಕೈಯಿಟ್ಟ. ಅಷ್ಟರಲ್ಲಿ ಕಪಾಟು ತೆರೆಯಿತು. ಅವನು ಆ ಹಿಡಿಯನ್ನು ಬಿಟ್ಟು ಸಿರಪ್ಪಿನ ಕಡೆ ತಿರುಗಿದ.

ಒಟ್ಟು ಮೂರು ನಿಮಿಷವೂ ಆಗಿರಲಿಲ್ಲ. ಪೊಲೀಸರು ಬಂದರು, ಬರೆದುಕೊಂಡರು, ಕ್ಯಾಮೆರಾದ ಚಿತ್ರ ತೆಗೆದುಕೊಂಡು ಹೋದರು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗಿ ಮರುದಿನ ಬರಲೇ ಇಲ್ಲ. ನಾನು ಬಂದೆ, ಆದರೆ ಕಾರಿನಿಂದ ಇಳಿಯಲು ಆಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಬಾಗಿಲಿಗೆ ಲಾಕ್ ಹಾಕಿಕೊಂಡು ಇಪ್ಪತ್ತು ನಿಮಿಷ ಕುಳಿತಿದ್ದೆ. ಕೊನೆಗೆ ಅಂಕಲ್ ಬಂದು ಗಾಜು ತಟ್ಟಿದರು.

ಆ ಡ್ರಾಯರಿನ ವಿಷಯ ಅವರಿಗೆ ಹೇಳಿದಾಗ "ಡ್ರಾಯರಲ್ಲಿ ಇದ್ರೆ ಅದು ನಮ್ದಲ್ಲ ಕಣಮ್ಮ, ಯಾರ್ ಮೊದ್ಲು ತೆಗೀತಾರೋ ಅವ್ರದು. ಮೈಮೇಲೆ ಇರ್ಬೇಕು, ಇಲ್ಲಾ ಇರ್ಲೇಬಾರ್ದು" ಎಂದು ಅದನ್ನು ತೆಗೆದು ಮನೆಗೆ ಕೊಂಡೊಯ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ನವೆಂಬರಿನಲ್ಲಿ ಅವರ ಎರಡೂ ಮೊಣಕಾಲಿನ ಆಪರೇಷನ್. ಅಲ್ಲಿಯವರೆಗೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಅವರು ಕೂರುತ್ತಾರೆ. ಆಮೇಲೂ ನನಗೆ ಒಬ್ಬಳೇ ಕೌಂಟರಿನ ಹಿಂದೆ ನಿಲ್ಲಲಾಗದಿದ್ದರೆ ಅಂಗಡಿಯನ್ನು ಮುಚ್ಚುವುದೇ.

ನಾನು ಹುಟ್ಟಾ ಪುಕ್ಕಲಿ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನೂ ಕೈ ಉದ್ದಕ್ಕೆ ಚಾಚಿ, ಮುಖವನ್ನು ಆಚೆ ತಿರುಗಿಸಿ ಹಿಡಿಯುವವಳು. ಪಿಸ್ತೂಲು ಕಟ್ಟಿಕೊಳ್ಳುತ್ತೇನೆ ಎಂದಾಗ ನನ್ನವರು ನಗಲಿಲ್ಲ ಎಂಬುದೇ ದೊಡ್ಡದು. "ನಿಂಗೆ ಬಲೂನ್ ಒಡೆದ್ರೇ ಆಗಲ್ವಲ್ಲೇ" ಎಂದರು. "ಅದಕ್ಕೇ ಕಲೀಬೇಕು ರೀ" ಎಂದೆ.

ಕೌಂಟಿಯ ಕೋರ್ಟಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿಗೆ ಅರ್ಜಿ ತುಂಬಿಸಿ, ಹತ್ತು ಬೆರಳಿನ ಗುರುತು ಕೊಟ್ಟು ಬಂದೆ. ಕೆಲವು ವಾರಗಳಲ್ಲಿ ಕಾರ್ಡು ಅಂಚೆಯಲ್ಲಿ ಬಂತು. ನಾನು ಯಾರು, ನನ್ನ ಮೇಲೆ ಕೇಸು ಇದೆಯೇ ಎಂದೆಲ್ಲ ವಿಚಾರಿಸಿದ್ದರು. ಪಿಸ್ತೂಲು ಹಿಡಿಯಲು ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಡ್ರೈವಿಂಗ್ ಲೈಸೆನ್ಸಿಗೆ ಎರಡು ಸಲ ಫೇಲಾಗಿದ್ದ ನನಗೆ ಈ ಸಲೀಸುತನ ಇನ್ನಷ್ಟು ಹೆದರಿಕೆ ತಂದಿತು.

ನನಗೆ ಕಲಿಸಲು ಒಪ್ಪಿದ ಟ್ರೈನರ್ ಪೊಲೀಸ್ ಕೆಲಸದಿಂದ ನಿವೃತ್ತರಾದ, ಅರವತ್ತು ದಾಟಿದ ಕಪ್ಪು ಮಹಿಳೆ. ಇಡೀ ಬದುಕನ್ನು ಅಟ್ಲಾಂಟಾದಲ್ಲೇ ಕಳೆದವರು. ಎಲ್ಲರನ್ನೂ ಪ್ರೀತಿಯಿಂದ "ಹನಿ" ಎಂದು ಕರೆಯುವವರು. ಅವರು ಆಡಿದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಉಳಿದಿರುವುದು ಹೇಗೋ ಕನ್ನಡದಲ್ಲೇ. ಮೊದಲ ಪ್ರಶ್ನೆ, "ಹನಿ, ನಿನಗೆ ಹೆದರಿಕೆ ಇದೆಯಾ?" ತುಂಬಾ ಇದೆ ಎಂದೆ. "ಒಳ್ಳೇದು. ಇಲ್ಲ ಅಂದಿದ್ರೆ ಮನೆಗೆ ಕಳಿಸ್ತಿದ್ದೆ" ಎಂದರು.

ಗುಂಡು ಹಾರಿಸುವುದನ್ನು ಕಲಿತದ್ದು ದೊಡ್ಡ ಕಥೆಯಲ್ಲ. ಒಂಬತ್ತು ಮಿಲಿಮೀಟರಿನ ಒಂದು ಚಿಕ್ಕ ಪಿಸ್ತೂಲನ್ನು ಆರಿಸಿದೆವು. ಮೊದಲ ಗುಂಡು ಹಾರಿದಾಗ ಕಣ್ಣು ಮುಚ್ಚಿದ್ದೆ, ಎರಡನೆಯದಕ್ಕೂ ಮುಚ್ಚಿದ್ದೆ. ಮೂರನೆಯ ವಾರದ ಹೊತ್ತಿಗೆ ಐದು ಗಜದ ದೂರದಲ್ಲಿ ಕಾಗದದ ಮನುಷ್ಯನ ಎದೆಗೆ ಹೆಚ್ಚುಕಡಿಮೆ ಎಲ್ಲ ಗುಂಡೂ ತಗಲುತ್ತಿದ್ದವು. ಕೈ ಬೆವರುವುದು ಮಾತ್ರ ನಿಲ್ಲಲಿಲ್ಲ.

"ಹೊಡಿಯೋದು ಸುಲಭ" ಎಂದರು ಟ್ರೈನರ್. "ಹೊಡೀದೇ ಹತ್ತು ಗಂಟೆ ಮೈಮೇಲೆ ಇಟ್ಕೊಳ್ಳೋದು ಕಷ್ಟ. ನಾಳೆ ನೀನು ಕೆಲಸಕ್ಕೆ ಹಾಕ್ಕೊಳ್ಳೋ ಬಟ್ಟೆ ತಗೊಂಡು ಬಾ."

ಮರುದಿನ ಅವರು ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದ ಪಿಸ್ತೂಲಿನ ಒರೆಗಳನ್ನೆಲ್ಲ ಮೇಜಿನ ಮೇಲೆ ಸುರಿದರು. ಹೋಲ್ಸ್ಟರ್‌ನಲ್ಲಿ ಇಷ್ಟು ಜಾತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಾಲಿಗೆ ಕಟ್ಟುವುದು, ಭುಜಕ್ಕೆ ಹಾಕುವುದು, ಚರ್ಮದ್ದು, ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೇ ಜೇಬು ಹೊಲಿದ ವ್ಯಾನಿಟಿ ಬ್ಯಾಗು. ನನ್ನ ಕಣ್ಣು ಸಹಜವಾಗಿ ಬ್ಯಾಗಿನ ಮೇಲೆ ಬಿತ್ತು. "ದಿನಕ್ಕೆ ಎಷ್ಟು ಸಲ ಬ್ಯಾಗನ್ನ ಎಲ್ಲಾದರೂ ಇಟ್ಟು ಆ ಕಡೆ ಹೋಗ್ತೀಯ?" ಎಂದು ಅವರು ಕೇಳಿದರು. ಇಂಡಿಯನ್ ಅಂಗಡಿಯಲ್ಲಿ ಬ್ಯಾಗನ್ನು ಕಾರ್ಟಿನಲ್ಲೇ ಬಿಟ್ಟು ಮೆಂತ್ಯದ ಸೊಪ್ಪು ಆರಿಸಲು ಹೋಗುವುದು, ದೇವಸ್ಥಾನದಲ್ಲಿ "ಒಂಚೂರು ಹಿಡ್ಕೊಂಡಿರಿ" ಎಂದು ಪಕ್ಕದವರ ಕೈಗೆ ಕೊಟ್ಟು ಪ್ರದಕ್ಷಿಣೆಗೆ ಹೊರಡುವುದು, ಎಲ್ಲ ನೆನಪಾಯಿತು. ಬ್ಯಾಗನ್ನು ನಾನೇ ಪಕ್ಕಕ್ಕೆ ಸರಿಸಿದೆ.

ಅವರು ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಸ್ಟರನ್ನು ಎತ್ತಿಕೊಂಡು, ಖಾಲಿ ಪಿಸ್ತೂಲನ್ನು ಅದರೊಳಗೆ ತಳ್ಳಿದರು. ಒಂದು ಸಣ್ಣ ಸದ್ದಾಗಿ ಅದು ಕೂತಿತು. ತಲೆಕೆಳಗು ಮಾಡಿ ಅಲ್ಲಾಡಿಸಿದರು, ಬೀಳಲಿಲ್ಲ. ಆಮೇಲೆ ನನ್ನ ಬೆರಳನ್ನು ಹಿಡಿದು ಹೊರಗಿನಿಂದ ಟ್ರಿಗರ್ ಇರುವ ಜಾಗವನ್ನು ಒತ್ತಿಸಿದರು. ಗೋಡೆಯನ್ನು ಒತ್ತಿದ ಹಾಗಿತ್ತು. "ಇಷ್ಟೇ ಪರೀಕ್ಷೆ. ಹೊರಗಿಂದ ಟ್ರಿಗರ್ ಯಾರಿಗೂ, ಯಾವುದಕ್ಕೂ ಸಿಗಬಾರದು. ಮೆತ್ತಗೆ ಇದ್ರೆ, ಬಗ್ಗಿದ್ರೆ, ಅದು ಹೋಲ್ಸ್ಟರ್ ಅಲ್ಲ, ಕಾಲುಚೀಲ."

ತೊಂದರೆ ಶುರುವಾದದ್ದು ಅಲ್ಲಿಂದ. ಆ ಗಟ್ಟಿ ಹೋಲ್ಸ್ಟರಿಗೆ ಗಟ್ಟಿ ಬೆಲ್ಟ್ ಬೇಕು. ನಾನು ಕೆಲಸಕ್ಕೆ ಹಾಕುವ ಪ್ಯಾಂಟಿಗೆ ಇರುವುದು ಲಾಡಿ. ಸ್ಕೂಲ್ ಯೂನಿಫಾರ್ಮ್ ಬಿಟ್ಟ ಮೇಲೆ ಬೆಲ್ಟ್ ಎಂಬುದನ್ನೇ ನಾನು ಕಟ್ಟಿರಲಿಲ್ಲ. ಹೊಸ ಪ್ಯಾಂಟು, ಹೊಸ ಬೆಲ್ಟು ತಂದು ಬಲಸೊಂಟದ ಮುಂಭಾಗದಲ್ಲಿ ಸಿಕ್ಕಿಸಿಕೊಂಡರೆ ಕೂತಾಗ ತುದಿ ತೊಡೆಸಂದಿಗೆ ಒತ್ತುತ್ತಿತ್ತು, ಹಿಂದಕ್ಕೆ ಸರಿಸಿದರೆ ಬಿಳಿ ಕೋಟಿನ ಕೆಳಗೆ ಎದ್ದು ಕಾಣುತ್ತಿತ್ತು. ಎರಡೇ ದಿನದಲ್ಲಿ ಸೊಂಟದ ಮೇಲೆ ನೇರಳೆಹಣ್ಣಿನ ಬಣ್ಣದ ಗುರುತು ಬಿತ್ತು. ಟ್ರೈನರ್ ಕೊಟ್ಟ ಒಂದು ಸಣ್ಣ ಸ್ಪಂಜಿನ ತುಂಡನ್ನು ಒಳಬದಿಗೆ ಅಂಟಿಸಿದ ಮೇಲೆ ಸ್ವಲ್ಪ ತಡೆಯುವಂತಾಯಿತು.

ಗುಂಡು ತುಂಬುವ ಮೊದಲು ಅವರದೊಂದು ಕಟ್ಟಲೆ ಇತ್ತು: ಹದಿನಾಲ್ಕು ದಿನ. ಬೆಳಿಗ್ಗೆ ಪಿಸ್ತೂಲು ಖಾಲಿ ಎಂದು ಮೂರು ಸಲ ನೋಡಿ, ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಒಳಗಿನ ಸ್ಪ್ರಿಂಗನ್ನು ಬಿಗಿ ಮಾಡಿ, ಹೋಲ್ಸ್ಟರಿನಲ್ಲಿಟ್ಟು, ಮನೆಯಲ್ಲಿರುವಷ್ಟು ಹೊತ್ತೂ ಅದನ್ನು ಹಾಕಿಕೊಂಡೇ ಓಡಾಡಬೇಕು. ಅಡುಗೆ ಮಾಡಬೇಕು, ಗುಡಿಸಬೇಕು, ಬಗ್ಗಬೇಕು. ಸಂಜೆ ಹೊರಗೆ ತೆಗೆದು, ಮರಳು ತುಂಬಿದ ಬಕೆಟ್ಟಿಗೆ ಗುರಿಯಿಟ್ಟು ಟ್ರಿಗರ್ ಒತ್ತಬೇಕು. ಟಕ್ ಎಂದರೆ ಇಡೀ ದಿನ ಅದನ್ನು ಯಾರೂ ಒತ್ತಿಲ್ಲ ಎಂದರ್ಥ. ಟಕ್ ಎನ್ನದಿದ್ದರೆ ನಿನಗೆ ಗೊತ್ತಿಲ್ಲದ ಹಾಗೆ ಎಲ್ಲೋ ಒತ್ತಿಹೋಗಿದೆ. "ಹದಿನಾಲ್ಕು ಟಕ್ ಆದಮೇಲೆ ನನ್ನ ಹತ್ರ ಬಾ. ಅಲ್ಲಿವರೆಗೂ ಮನೆ ಬಾಗಿಲು ದಾಟಿಸಬೇಡ."

ಮೊದಲ ದಿನ ಮನೆಯೊಳಗೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಓಡಾಡಿದೆ. ಖಾಲಿ ಎಂದು ಗೊತ್ತಿದ್ದರೂ ಕುಕ್ಕರ್ ಕೂಗಿದಾಗ ಸೊಂಟ ಮುಟ್ಟಿ ನೋಡಿಕೊಂಡೆ. ಸಂಜೆ ಟಕ್ ಎಂದಿತು. ಮರುದಿನವೂ ಎಂದಿತು. ನನ್ನವರು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ "ಟಕ್ ಅಂತಾ?" ಎಂದು ಕೇಳುವುದು, ನಾನು "ಅಂತು" ಎನ್ನುವುದು, ಗ್ಯಾಸ್ ಆಫ್ ಮಾಡಿದ್ದೀಯಾ ಎಂದು ಕೇಳುವಷ್ಟೇ ಮಾಮೂಲಾಯಿತು. ಹಗಲೆಲ್ಲ ಅಂಗಡಿಯಲ್ಲಿ ಬರಿಗೈಯಲ್ಲಿ ನಿಂತಿರುತ್ತಿದ್ದೆ. ಅಂಕಲ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮೊಣಕಾಲು ಉಜ್ಜಿಕೊಳ್ಳುತ್ತ ಕೂತಿರುತ್ತಿದ್ದರು. ಬಂದವರ ಮುಖಕ್ಕಿಂತ ಮೊದಲು ನಾನು ಕೈ ನೋಡುತ್ತಿದ್ದೆ.

ಎಂಟೊಂಬತ್ತು ದಿನ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಮೊದಲು ಅದರ ಹೆದರಿಕೆ ಇತ್ತು, ಈಗ ಅದಿಲ್ಲದ ಹೆದರಿಕೆ ಶುರುವಾಯಿತು. ಸಂಜೆ ಮನೆಗೆ ಬಂದು ಅದನ್ನು ಕಟ್ಟಿಕೊಂಡ ಮೇಲೇ ಉಸಿರು ಸರಾಗವಾಗುತ್ತಿತ್ತು. ಒಳಗೆ ಒಂದೂ ಗುಂಡಿಲ್ಲ, ಹಾವಿಲ್ಲದ ಹುತ್ತ. ಆದರೂ ಕಸದ ಡಬ್ಬ ಹೊರಗಿಡಲು ಅದಿಲ್ಲದೆ ಹೋಗಲು ಕಾಲು ಏಳುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ತಪ್ಪುತ್ತಿತ್ತೇನೋ.

ಅಷ್ಟರಲ್ಲಿ ನವರಾತ್ರಿ ಬಂತು.

ಇಲ್ಲಿ ನನಗೆ ತವರು ಎಂದರೆ ನನಗಿಂತ ಏಳು ವರ್ಷ ದೊಡ್ಡವಳಾದ ಒಬ್ಬ ಗೆಳತಿಯ ಮನೆ. ಅವಳನ್ನು ಅಕ್ಕ ಎಂದೇ ಕರೆಯುತ್ತೇನೆ. ನಾವು ಡುಲುತ್‌ಗೆ ಬಂದ ಮೊದಲ ವರ್ಷದಿಂದಲೂ ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದು ನನಗೆ ಮಡಿಲು ತುಂಬುತ್ತಾಳೆ. ಬಹಳ ವರ್ಷ ಕಾದ ಮೇಲೆ ಅವಳಿಗೆ ಹುಟ್ಟಿದ ಮಗಳಿಗೆ ಆಗ ಮೂರು ವರ್ಷ. ಹೆಸರು ಬೇರೆ, ಎಲ್ಲರಿಗೂ ಪುಟ್ಟಿ.

ಸೀರೆಗೆ ಬೆಲ್ಟ್ ಇಲ್ಲ. ಅವತ್ತು ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಕಿತ್ತು, ಅಷ್ಟೇ. ಆದರೆ ನನ್ನ ಬಳಿ ಟ್ರೈನರಿಗೆ ಹೇಳದೆ ತರಿಸಿಕೊಂಡಿದ್ದ ಇನ್ನೊಂದು ವಸ್ತು ಇತ್ತು. ಹೊಟ್ಟೆಗೆ ಸುತ್ತುವ ಅಗಲವಾದ ಎಲಾಸ್ಟಿಕ್ ಪಟ್ಟಿ, ಅದರಲ್ಲೇ ಹೊಲಿದ ಜೇಬು. ಹಾಕಿದರೆ ಮೈಗೆ ಏನೂ ಗೊತ್ತಾಗುವುದಿಲ್ಲ, ಅಷ್ಟು ಹಿತ. ಲಂಗದ ಮೇಲೆ ಅದನ್ನು ಸುತ್ತಿ, ಖಾಲಿ ಎಂದು ಮೂರಲ್ಲ, ಆರು ಸಲ ನೋಡಿ, ಕಟ್ಟಲೆಯಂತೆ ಸ್ಪ್ರಿಂಗ್ ಬಿಗಿ ಮಾಡಿ ಬಲಸೊಂಟಕ್ಕೆ ಇಟ್ಟುಕೊಂಡೆ. ಮೇಲೆ ರೇಷ್ಮೆ ಸೀರೆ ಉಟ್ಟೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಇದೂ ಒಂದು ಅಭ್ಯಾಸವೇ, ಸೀರೆಯಲ್ಲೂ ಪರೀಕ್ಷೆ ಆಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಾರಿನಿಂದ ಅಕ್ಕನ ಮನೆ ಬಾಗಿಲಿನವರೆಗಿನ ಮೂವತ್ತು ಹೆಜ್ಜೆಗೆ ನನಗೆ ಧೈರ್ಯವಿರಲಿಲ್ಲ, ನಿಜ ಅದು.

ಅಕ್ಕನ ಮನೆಯಲ್ಲಿ ಗೊಂಬೆ ಮೆಟ್ಟಿಲಿನ ಮುಂದೆ ಜಮಖಾನ ಹಾಸಿತ್ತು. ಏಳೆಂಟು ಹೆಂಗಸರು, ಅಷ್ಟೇ ಮಕ್ಕಳು ನೆಲದ ಮೇಲೆ ಕೂತಿದ್ದರು. ನಾನು ದೇವರಿಗೆ ಬಗ್ಗಿ ನಮಸ್ಕಾರ ಮಾಡಿದೆ. ಚಕ್ಕಳಮಕ್ಕಳ ಹಾಕಿ ಕೂತೆ. ಕೂತ ಕೂಡಲೇ ಪುಟ್ಟಿ ಬಂದು ನನ್ನ ಬಲತೊಡೆಯ ಮೇಲೆ ಏರಿ ಕೂತಳು. ಪ್ರತಿ ಸಲದ ಜಾಗ ಅದು. "ಆಂಟಿ, ಲುಕ್, ಆನೆ ಗೊಂಬೆ" ಎಂದು ತೋರಿಸುತ್ತ ಕಾಲು ಅಲ್ಲಾಡಿಸುತ್ತಿದ್ದಳು. ಗೆಜ್ಜೆ ಕಟ್ಟಿದ್ದರು. ಹಿಮ್ಮಡಿ ಬಂದು ಬಂದು ನನ್ನ ಹೊಟ್ಟೆಯ ಪಕ್ಕಕ್ಕೆ ತಾಗುತ್ತಿತ್ತು.

ಕೊನೆಗೆ ಮಡಿಲು. ನಾನು ಎದ್ದು ನಿಂತು ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಒಡ್ಡಿದೆ. ಅಕ್ಕ ಬೊಗಸೆಯಲ್ಲಿ ಅರಿಶಿನ ಬೆರೆಸಿದ ಅಕ್ಕಿ ಹಾಕಿದಳು, ತೆಂಗಿನಕಾಯಿ ಇಟ್ಟಳು, ಕಣ, ಬಾಳೆಹಣ್ಣು, ವೀಳ್ಯ ಇಟ್ಟಳು. ಆಮೇಲೆ ಸೆರಗಿನ ಚುಂಗನ್ನು ಹಿಡಿದು ಯಾವತ್ತಿನ ಹಾಗೆ ನನ್ನ ಬಲಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದಳು. ಬೆರಳು ಅಲ್ಲೇ ನಿಂತಿತು.

"ಏನೇ ಇದು, ಇಷ್ಟ್ ಗಟ್ಟಿಯಾಗಿದೆ?"

"ಬೆನ್ನು ನೋವು ಅಕ್ಕ. ಬೆಲ್ಟ್ ಹಾಕ್ಕೊಂಡಿದೀನಿ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ನಮಸ್ಕಾರ ಬೇರೆ ಮಾಡ್ದೆ. ಪುಟ್ಟಿ, ಆಂಟಿ ಮೇಲೆ ಹತ್ಬೇಡ ಇನ್ಮೇಲೆ, ಅವ್ರಿಗೆ ನೋವಿದೆ." ಎಲ್ಲರೂ ನನ್ನ ಬೆನ್ನಿಗೆ ಒಂದೊಂದು ಮದ್ದು ಹೇಳಿದರು. ಊರಿಗೆಲ್ಲ ಔಷಧಿ ಕೊಡುವವಳು ನಾನು, ಎಲ್ಲಕ್ಕೂ ತಲೆಯಾಡಿಸಿದೆ.

ಮನೆಗೆ ಬಂದು ಸೀರೆ ಬಿಚ್ಚಿ, ಬಕೆಟ್ಟಿನ ಮುಂದೆ ನಿಂತು ಅದನ್ನು ಹೊರಗೆ ತೆಗೆದೆ. ಪಟ್ಟಿಯಿಂದ ನಾಲ್ಕೈದು ಹಳದಿ ಅಕ್ಕಿಕಾಳು ನೆಲಕ್ಕೆ ಉದುರಿದವು. ಟ್ರಿಗರ್ ಆಗಲೇ ಹಿಂದಕ್ಕೆ ಹೋಗಿ, ಸಡಿಲವಾಗಿ, ಸುಮ್ಮನೆ ನಿಂತಿತ್ತು. ಆದರೂ ಒತ್ತಿದೆ. ಏನೂ ಸದ್ದಿಲ್ಲ.

"ಟಕ್ ಅಂತಾ?" ಎಂದರು ನನ್ನವರು ಹೊರಗಿನಿಂದ.

ಅವರೇ ಒಳಗೆ ಬಂದು ನೋಡಿದರು. "ಬೆಳಿಗ್ಗೆ ಸರಿಯಾಗಿ ಎಳ್ದಿರಲಿಲ್ವೇನೋ" ಎಂದರು. ಎಳೆದಿದ್ದೆ. ಸಂಜೆ ಸೀರೆ ಉಡುವ ಮೊದಲು, ಅವರ ಎದುರಿಗೇ ಎಳೆದಿದ್ದೆ. ಅವರಿಗೂ ನೆನಪಾಯಿತು.

ಅವತ್ತು ನಾನು ನಿದ್ದೆ ಮಾಡಲಿಲ್ಲ. ಅದರಲ್ಲಿ ಗುಂಡು ಇರಲಿಲ್ಲ ಎಂಬುದು ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಇನ್ನು ಒಂದು ವಾರ ಹೋಗಿದ್ದರೆ ಇರುತ್ತಿತ್ತು. ಅದೇ ಪಟ್ಟಿ, ಅದೇ ಸೊಂಟ, ಅದೇ ಮನೆ. ಯಾವ ಗಳಿಗೆಯಲ್ಲಿ ಒತ್ತಿತು? ನಮಸ್ಕಾರಕ್ಕೆ ಬಗ್ಗಿದಾಗಲೇ? ಹಾಗಾಗಿದ್ದರೆ ಅದು ನನ್ನ ಪಾಲಿಗೆ, ಹೋಗಲಿ. ಪುಟ್ಟಿಯ ಹಿಮ್ಮಡಿಯೇ? ಪಿಸ್ತೂಲಿನ ನಳಿಕೆ ಕೆಳಮುಖವಾಗಿ ನನ್ನ ಬಲತೊಡೆಯ ಕಡೆ ಇತ್ತು. ಆ ತೊಡೆಯ ಮೇಲೆ ಕೂತಿದ್ದವಳು ಅವಳೇ. ಅಥವಾ ಅಕ್ಕನ ಬೆರಳೇ? ಆಗ ಪುಟ್ಟಿ ನನ್ನ ಕಾಲಿನ ಹತ್ತಿರ ನೆಲದಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು. ಎತ್ತ ತಿರುಗಿಸಿ ನೋಡಿದರೂ ಲೆಕ್ಕ ಆ ಮಗುವಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅಂಗಡಿಗೆ ಬಂದಿದ್ದ ಆ ಮನುಷ್ಯ ಯಾರಿಗೂ ಗುಂಡು ಹೊಡೆದಿರಲಿಲ್ಲ. ನಾನು, ಬಾಗಿಲು ತಟ್ಟಿ ಒಳಗೆ ಕರೆಸಿಕೊಂಡವಳು, ಅರಿಶಿನ ಕುಂಕುಮ ಇಡಿಸಿಕೊಂಡವಳು, ಅವನಿಗಿಂತ ಹತ್ತಿರ ಹೋಗಿದ್ದೆ.

ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಂದು ಚೀಲ. ಒಳಗೆ ಒಂದು ಸೀಸೆ ನೋವಿನ ಎಣ್ಣೆ. ಫೋನಿನಲ್ಲಿ ಅಕ್ಕನ ಮೆಸೇಜು: "ಊರಿಂದ ತಂದಿದ್ದು, ಬಿಸಿ ಮಾಡಿ ಹಚ್ಕೋ. ಭಾರ ಎತ್ತಬೇಡ."

ಆ ಸೀಸೆಯನ್ನು ಕಾರಿನಲ್ಲಿಟ್ಟುಕೊಂಡೇ ಟ್ರೈನರ್ ಬಳಿ ಹೋದೆ. ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಖಾಲಿ ಪಿಸ್ತೂಲನ್ನು ಆ ಪಟ್ಟಿಯಲ್ಲಿಟ್ಟು, ಬಟ್ಟೆಯ ಮೇಲಿನಿಂದ ತಮ್ಮ ಕಿರುಬೆರಳಲ್ಲಿ ಒತ್ತಿದರು. ಟಕ್. ಸ್ಪ್ರಿಂಗನ್ನು ಮತ್ತೆ ಬಿಗಿ ಮಾಡಿ, ಒಂದು ಪೆನ್ನಿನ ತುದಿಯಿಂದ ಒತ್ತಿದರು. ಟಕ್. ಅಷ್ಟು ದಿನ ನಾನು ಕೇಳಬೇಕೆಂದು ಕಾಯುತ್ತಿದ್ದ ಸದ್ದು ಅದೇ. ಅವತ್ತು ಎರಡೂ ಕಿವಿ ಮುಚ್ಚಿಕೊಳ್ಳಬೇಕು ಎನ್ನಿಸಿತು.

"ಯಾವುದು ಒತ್ತಿತು ಅಂತ ನಿನಗೆ ಯಾವತ್ತೂ ಗೊತ್ತಾಗಲ್ಲ" ಎಂದರು. "ನಿನಗೆ ಅಂಗಡೀಲಿ ಬೇಕು ಅಂತ ಬಂದೆ. ಹಬ್ಬದ ಮನೇಲಿ ಯಾರಿಂದ ನಿನ್ನನ್ನ ಕಾಪಾಡ್ಕೊಳ್ಳೋಕೆ ಹೋಗಿದ್ದೆ?"

ಅವರು ಒಂದು ಕತ್ತರಿಯನ್ನು ನನ್ನ ಮುಂದೆ ಇಟ್ಟರು.

"ಬಿಡೋದಾದ್ರೆ ಈಗಲೇ ಬಿಡು. ಅದರಲ್ಲಿ ಅವಮಾನ ಇಲ್ಲ. ಬಿಡಲ್ಲ ಅಂದ್ರೆ ಎರಡು ಕೆಲಸ ಇದೆ. ಒಂದು, ಈ ಕತ್ತರಿ ತಗೋ. ಇನ್ನೊಂದು ಏನು ಅಂತ ನಾನು ಹೇಳಬೇಕಾಗಿಲ್ಲ."

ಬಿಡುವ ಮನಸ್ಸು ಬಹಳವಿತ್ತು. ಆದರೆ ಬಾಗಿಲ ಪಕ್ಕದ ಕುರ್ಚಿಯೂ, ಆ ಡ್ರಾಯರಿನ ಹಿಡಿಯ ಮೇಲಿದ್ದ ಕೈಯೂ ಕಣ್ಣಮುಂದೆ ಇದ್ದವು. ಒಂದು ತೀರ್ಮಾನಕ್ಕೆ ಬಂದೆ: ಅದು ನನ್ನ ಬಿಳಿ ಕೋಟಿನ ಹಾಗೆ, ಅಂಗಡಿಯ ಉಡುಪು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಬೀಗದ ಪೆಟ್ಟಿಗೆ ಹಾಕಿಸುವುದು. ಅಲ್ಲೇ ಹಾಕಿಕೊಳ್ಳುವುದು, ಅಲ್ಲೇ ಬಿಚ್ಚುವುದು, ಬಿಚ್ಚುವಾಗಲೂ ಪಿಸ್ತೂಲನ್ನು ಮುಟ್ಟದೆ ಗಟ್ಟಿ ಹೋಲ್ಸ್ಟರಿನ ಸಮೇತ ಬೆಲ್ಟಿನಿಂದ ತೆಗೆದಿಡುವುದು. ಅಂಗಡಿಯ ಬಾಗಿಲಿನಿಂದ ಆಚೆಗೆ ನಾನು ಹೆದರಿಕೊಂಡೇ ಓಡಾಡುವುದು, ಎಲ್ಲರ ಹಾಗೆ. ಎಲಾಸ್ಟಿಕ್ ಪಟ್ಟಿಯನ್ನು ಅವರ ಮೇಜಿನ ಮೇಲೇ ಕತ್ತರಿಸಿದೆ. ಕತ್ತರಿ ಮೊಂಡಾಗಿತ್ತು, ಬಹಳ ಹೊತ್ತು ಹಿಡಿಯಿತು.

ಎರಡನೆಯ ಕೆಲಸಕ್ಕೆ ಅಂದು ಮಧ್ಯಾಹ್ನವೇ ಹೋದೆ. ಪುಟ್ಟಿ ಡೇಕೇರಿನಲ್ಲಿದ್ದಳು. ಗೊಂಬೆಗಳ ಮುಂದೆ ಅದೇ ಜಮಖಾನ ಹಾಸಿಯೇ ಇತ್ತು. ಅಕ್ಕ ಅಡುಗೆಮನೆಯಲ್ಲಿ ಉಸಲಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಎಣ್ಣೆಯ ಸೀಸೆಯನ್ನು ಕಟ್ಟೆಯ ಮೇಲಿಟ್ಟು ನಿಂತುಕೊಂಡೇ ಎಲ್ಲ ಹೇಳಿದೆ. ಗುಂಡಿರಲಿಲ್ಲ ಎಂಬುದನ್ನು ಮೊದಲು ಹೇಳಿದೆ, ಆಮೇಲೆ ಉಳಿದದ್ದು. ಅವಳು ಒಲೆ ಆರಿಸಿದಳು.

"ಬೆನ್ನು ನೋವು ಅಂದೆ."

"ಹೂಂ."

"ಪುಟ್ಟಿ ನಿನ್ ತೊಡೆ ಮೇಲೆ ಕೂತಿದ್ಲು."

"ಹೂಂ ಅಕ್ಕ."

ಅವಳು ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು. ತೋರುಬೆರಳಿಗೆ ಇನ್ನೂ ಅರಿಶಿನ ಅಂಟಿತ್ತು. "ನನ್ ಬೆರಳೇ ಆಗಿರ್ಬಹುದಾ?"

"ಗೊತ್ತಿಲ್ಲ. ಆಗಿರ್ಬಹುದು."

"ಗುಂಡು ಇದ್ದಿದ್ರೆ, ನನ್ ಕೈಯಿಂದ್ಲೇ." ಸೀರೆಯ ಸೆರಗಿನಲ್ಲಿ ಆ ಬೆರಳನ್ನು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ನಾನು ಅಳತೊಡಗಿದೆ. ಅವಳು ಅಳಲಿಲ್ಲ. "ಹೋಗು ಈಗ" ಎಂದಳು. "ಎಣ್ಣೆ ತಗೊಂಡ್ ಹೋಗ್ಬೇಡ, ಅಲ್ಲೇ ಇರ್ಲಿ."

ಹದಿನಾಲ್ಕು ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಈ ಸಲ ಎಲ್ಲ ಅಂಗಡಿಯಲ್ಲೇ, ಬಾಗಿಲು ಹಾಕಿದ ಮೇಲೆ ಸಂಜೆ ಒಂದೊಂದು ಗಂಟೆ. ಅಂಕಲ್ ಏನೂ ಕೇಳದೆ ಆಪರೇಷನ್ನಿನ ತಾರೀಖನ್ನು ಮುಂದೆ ಹಾಕಿಸಿಕೊಂಡರು. ಗಟ್ಟಿ ಹೋಲ್ಸ್ಟರ್, ಗಟ್ಟಿ ಬೆಲ್ಟ್, ಸ್ಪಂಜಿನ ತುಂಡು. ಏಣಿ ಹತ್ತಿ ಮೇಲಿನ ಕಪಾಟು ಒರೆಸಿದೆ, ಪೆಟ್ಟಿಗೆ ಎತ್ತಿದೆ, ನೆಲದಲ್ಲಿ ಕೂತು ಎದ್ದೆ, ಬಗ್ಗಿ ಕಾಲುಬೆರಳು ಮುಟ್ಟಿದೆ. ಒಂದು ದಿನವೂ ತಪ್ಪದೆ ಟಕ್ ಎಂದಿತು. ಹದಿನಾಲ್ಕಾದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಇನ್ನೂ ಒಂದು ವಾರ ಹಾಗೆಯೇ ನಡೆಸಿದೆ.

ಗುಂಡು ತುಂಬಿದ ಮೊದಲ ದಿನ ಅಂಕಲ್ ಆಸ್ಪತ್ರೆಯಲ್ಲಿದ್ದರು. ಬಾಗಿಲ ಪಕ್ಕದ ಕುರ್ಚಿ ಖಾಲಿ. ಒಬ್ಬ ಅಜ್ಜಿ ಬಿಪಿ ಮಾತ್ರೆಗೆ ಬಂದರು, ಒಬ್ಬರು ಇನ್ಸುಲಿನ್ ತೆಗೆದುಕೊಂಡು ಹೋದರು, ಒಬ್ಬ ಕೈಯನ್ನು ಜೇಬಿನಿಂದ ತೆಗೆಯದೆ ಬಹಳ ಹೊತ್ತು ಶಾಂಪೂ ನೋಡುತ್ತ ನಿಂತಿದ್ದು ಹೊರಟುಹೋದ. ನಾನು ಯಾವ ಕ್ಷಣದಲ್ಲೂ ಧೈರ್ಯವಾಗಿರಲಿಲ್ಲ. ಬಂದವರ ಕೈಗೆ ಹೆದರುತ್ತಿದ್ದೆ, ನನ್ನ ಸೊಂಟಕ್ಕೂ ಹೆದರುತ್ತಿದ್ದೆ. ಆದರೆ ಕೀಲಿ ಕೆಳಗೆ ಬೀಳಲಿಲ್ಲ, ಲೇಬಲ್ ತಪ್ಪಲಿಲ್ಲ. ಆರು ಗಂಟೆಗೆ ಅದನ್ನು ಹೋಲ್ಸ್ಟರಿನ ಸಮೇತ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕಾರಿನವರೆಗೆ ಬರಿಗೈಯಲ್ಲಿ, ಓಡುವ ಹಾಗೆ ನಡೆದೆ.

ಅಕ್ಕ ಆ ವರ್ಷವೆಲ್ಲ ಅಂಗಡಿಗೆ ಬರಲಿಲ್ಲ. ಪುಟ್ಟಿಗೆ ಕಿವಿನೋವು ಬಂದಾಗ ಔಷಧಿಗೆ ಭಾವ ಬಂದರು, ಕೌಂಟರಿನಿಂದ ಎರಡು ಹೆಜ್ಜೆ ದೂರ ನಿಂತು ತೆಗೆದುಕೊಂಡು ಹೋದರು. ನಾನು ಫೋನ್ ಮಾಡಲಿಲ್ಲ. ಯುಗಾದಿಗೆ ಬೇವು ಬೆಲ್ಲದ ಚಿತ್ರ ಕಳಿಸಿದೆ. ನೋಡಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಪಿಸ್ತೂಲನ್ನು ಆ ವರ್ಷ ನಾನು ಒಮ್ಮೆಯೂ ಹೊರಗೆ ಎಳೆಯಬೇಕಾಗಿ ಬರಲಿಲ್ಲ.

ಮತ್ತೆ ನವರಾತ್ರಿ ಬಂತು. ಮೂರನೆಯ ದಿನ ಮೆಸೇಜು: "ಶುಕ್ರವಾರ ಅರಿಶಿನ ಕುಂಕುಮ. ಬಾ." ಅಷ್ಟೇ ಇತ್ತು. ಶುಕ್ರವಾರ ಪೆಟ್ಟಿಗೆಗೆ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ಎಳೆದು ನೋಡಿ, ಮನೆಗೆ ಹೋಗಿ ಅದೇ ರೇಷ್ಮೆ ಸೀರೆ ಉಟ್ಟೆ. ಅಕ್ಕನ ಮನೆಯ ಮುಂದೆ ಕಾರಿನಿಂದ ಇಳಿದು ಆ ಮೂವತ್ತು ಹೆಜ್ಜೆ ಎಣಿಸಿಕೊಂಡು ನಡೆದೆ. ಈ ಸಲದ ಹೆದರಿಕೆಗೆ ಬೀದಿ ಕಾರಣವಲ್ಲ.

ಹೆಂಗಸರೆಲ್ಲ ಎಂದಿನ ಹಾಗೆ ಮಾತಾಡಿದರು. ಪುಟ್ಟಿ ಉದ್ದವಾಗಿದ್ದಳು. ದೂರದಿಂದ "ಹಾಯ್ ಆಂಟಿ" ಎಂದು ಅಮ್ಮನ ಮುಖ ನೋಡಿ ಅಲ್ಲೇ ನಿಂತಳು. ನಾನು ಗೋಡೆಗೆ ಒರಗಿ ಒಬ್ಬಳೇ ಕೂತೆ.

ಕೊನೆಗೆ ಅಕ್ಕ ಅಕ್ಕಿಯ ತಟ್ಟೆ ಹಿಡಿದು ನನ್ನ ಮುಂದೆ ಬಂದಳು. ನಾನು ಎದ್ದು ಸೆರಗು ಒಡ್ಡಿದೆ. ಅವಳು ತಟ್ಟೆಯನ್ನು ಪಕ್ಕದ ಮಣೆಯ ಮೇಲಿಟ್ಟಳು. ಎರಡೂ ಕೈಯಿಂದ ನನ್ನ ಎಡಸೊಂಟವನ್ನು ಒತ್ತಿ ನೋಡಿದಳು, ಬೆನ್ನು ಸವರಿದಳು, ಬಲಸೊಂಟಕ್ಕೆ ಬಂದಳು. ಅಲ್ಲಿ ಅವಳ ಬೆರಳುಗಳು ಬಹಳ ಹೊತ್ತು ನಿಂತವು. ಅಲ್ಲಿ ಏನೂ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ನಾನು ಉಸಿರು ಬಿಗಿಹಿಡಿದಿದ್ದೆ. ಅವಳೂ ಹಿಡಿದಿದ್ದಳು.

ಆಮೇಲೆ ಬಗ್ಗಿ ತಟ್ಟೆಯನ್ನು ಎತ್ತಿಕೊಂಡು, ಮೊದಲ ಬೊಗಸೆ ಅಕ್ಕಿಯನ್ನು ನನ್ನ ಮಡಿಲಿಗೆ ಹಾಕಿದಳು.